ಸುಣ್ಣದ ಗೆರೆಯ ಒಳಗೆ ಓದಿದ ಕಥೆಗಳು

ಮೊನ್ನೆ ಶ್ರೀನಿವಾಸಪುರದ ಕಡೆಯ ಒಂದು ಹಳ್ಳಿಗೆ ಕಬ್ಬಿಣದ ಸ್ಟ್ಯಾಂಡ್ ಕೂರಿಸಲು ಹೋಗಿದ್ದೆ. ರೇಷ್ಮೆ ಹುಳದ ತಟ್ಟೆಗಳನ್ನು ಒಂದರ ಮೇಲೊಂದು ಇಡುವ ಸ್ಟ್ಯಾಂಡ್ ಅದು. ಮಾಲೂರಿನಿಂದ ಮುಳಬಾಗಿಲಿನವರೆಗೆ ಎಷ್ಟು ಹುಳದ ಮನೆಗಳಲ್ಲಿ ನಾನು ಬೆಸೆದ ಕಬ್ಬಿಣ ನಿಂತಿದೆಯೋ ನನಗೇ ಗೊತ್ತಿಲ್ಲ, ಒಂದಾದರೂ ಅಲುಗಾಡಿದ್ದನ್ನು ಮಾತ್ರ ಕೇಳಿಲ್ಲ. ಕೆಲಸ ಮುಗಿಸಿ ಅಂಗಳದಲ್ಲಿ ಮುಖ ತೊಳೆಯುತ್ತಿದ್ದಾಗ ಆ ಮನೆಯ ಮುದುಕಿ ಪಕ್ಕದ ಹಳೇ ಕೋಣೆಯ ಬಾಗಿಲು ತೆಗೆದಳು. ಒಳಗಿನ ಗಾಳಿ ಹೊರಗೆ ಬಂತು. ಕೊಚ್ಚಿದ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ, ಅದರ ಕೆಳಗೆ ಹುಳದ ಹಿಕ್ಕೆಯ ಬೆಚ್ಚನೆಯ ಹುಳಿ, ಅದಕ್ಕೂ ಕೆಳಗೆ ತೇವ ಹಿಡಿದ ಹಳೇ ಪುಸ್ತಕದ ವಾಸನೆ. ಈಗ ತಟ್ಟೆಗೆ ಹಾಸಲು ಮೇಣದ ಕಾಗದ ಬಂದಿದೆ, ಪ್ಲಾಸ್ಟಿಕ್ ಬಲೆ ಬಂದಿದೆ. ಆ ಮುದುಕಿ ಇನ್ನೂ ರದ್ದಿ ಕಾಗದವನ್ನೇ ಹಾಸುತ್ತಿದ್ದಳು. ಮುಖ ಒರೆಸಿಕೊಳ್ಳುವುದನ್ನೂ ಮರೆತು ನಿಂತೆ. "ಯಾಕಪ್ಪಾ, ತಲೆ ಸುತ್ತುತಾ?" ಅಂದಳು. ಇಲ್ಲಮ್ಮ ಅಂದೆ. ಆ ವಾಸನೆಯ ಬೆನ್ನಿಗೇ ರಕ್ತದ ವಾಸನೆಯೂ ಬಂದೀತು ಎಂದು ನನ್ನ ಮೂಗು ಕಾಯುತ್ತಿತ್ತು ಎಂದು ಅವಳಿಗೆ ಹೇಗೆ ಹೇಳಲಿ?

ನಮ್ಮ ಮನೆ ಸುಗಟೂರಿನ ಆಚೆ, ರಸ್ತೆಯಿಂದ ಒಳಕ್ಕೆ ಇತ್ತು. ಈಗ ಆ ಜಾಗದಲ್ಲಿ ಟೊಮೊಟೊ ಕ್ರೇಟುಗಳನ್ನು ಪೇರಿಸಿದ್ದಾರೆ. ವಾಸದ ಮನೆ ಚಿಕ್ಕದು, ಹುಳದ ಮನೆ ದೊಡ್ಡದು. ನಾವೆಲ್ಲ ಹುಳಗಳ ಬಾಡಿಗೆದಾರರಂತೆ ಇದ್ದೆವು. ಮಂಗಳೂರು ಹೆಂಚಿನ ಮಾಡು, ಸಗಣಿ ಸಾರಿಸಿದ ನೆಲ, ಗೋಣಿಪಟ್ಟೆ ಕಟ್ಟಿದ ಕಿಟಕಿಗಳು, ಮಧ್ಯಾಹ್ನದಲ್ಲೂ ಹಸಿರು ಮಬ್ಬು. ಆ ಮಬ್ಬಿನ ಯಜಮಾನಿ ನಮ್ಮಜ್ಜಿ. ನನ್ನನ್ನು ಹೆತ್ತವಳು ನಾನು ನಡೆಯಲು ಕಲಿಯುವ ಮೊದಲೇ ತೀರಿಹೋಗಿದ್ದಳು. ಉಳಿದದ್ದು ಅಪ್ಪ. ಅವನ ಕೈಗೂ ಬಾಯಿಗೂ ಅಂತರವಿರಲಿಲ್ಲ, ಬೈಗುಳ ಮುಗಿಯುವುದರೊಳಗೆ ಏಟು ಬಿದ್ದಿರುತ್ತಿತ್ತು. ಏಟಿಗೆ ಬೇಕಾದ ಹಿಪ್ಪುನೇರಳೆ ಕಡ್ಡಿ ಮನೆಯ ಸುತ್ತ ಎಕರೆಗಟ್ಟಲೆ ಬೆಳೆದು ನಿಂತಿತ್ತು. ಸೊಪ್ಪು ಬಿಡಿಸಿದ ಕಡ್ಡಿ ಬಳುಕುತ್ತದೆ, ಮುರಿಯುವುದಿಲ್ಲ, ಕಾಲಿನ ಹಿಂಭಾಗಕ್ಕೆ ಬಿದ್ದರೆ ಗೆರೆ ಮೂಡಿ, ಗೆರೆ ಉಬ್ಬಿ, ಉಬ್ಬಿದ್ದು ಒಡೆಯುತ್ತದೆ. ನಿಮ್ಮಲ್ಲಿ ಹುಳ ಸಾಕಿದ ಮನೆಯವರಿದ್ದರೆ ಇದನ್ನು ನಾನು ವಿವರಿಸಬೇಕಿಲ್ಲ, ನಿಮ್ಮ ಕಾಲೇ ಹೇಳೀತು.

ಹುಳದ ಮನೆಗೆ ಅಜ್ಜಿ ಕಟ್ಟಿದ ಕಾನೂನು ಒಂದಿತ್ತು. ಒಳಗೆ ಹುಳ ಇರುವಷ್ಟು ದಿನ ಹೊಸ್ತಿಲ ಮುಂದೆ ಸುಣ್ಣದ ಪುಡಿಯ ಗೆರೆ. ಮನೆಯವರು ಸುಣ್ಣ ಮೆಟ್ಟಿ, ಕಾಲು ತೊಳೆದು ಒಳಗೆ ಹೋಗಬೇಕು. ಹೊರಗಿನವರು ಯಾರೇ ಆಗಲಿ, ಗೆರೆ ದಾಟುವ ಹಾಗಿಲ್ಲ. ಕಾಲಲ್ಲಿ ರೋಗ ಬರುತ್ತದೆ, ಕಣ್ಣಲ್ಲಿ ದೃಷ್ಟಿ ಬರುತ್ತದೆ ಎಂದು ನಮ್ಮ ಸೀಮೆಯಲ್ಲಿ ಎಲ್ಲರೂ ನಂಬಿದ್ದರು. ಗೆರೆ ದಾಟಿದವನ ಹಿಂದೆಯೇ ಬೆಳೆ ಹಾಳಾದರೆ ಇಡೀ ಊರು ಅವನ ಕುತ್ತಿಗೆ ಹಿಡಿಯುತ್ತಿತ್ತು. ಅಜ್ಜಿ ತನ್ನ ಒಡಹುಟ್ಟಿದ ತಮ್ಮನನ್ನೇ ಅಂಗಳದಲ್ಲಿ ಕೂರಿಸಿ ಮುದ್ದೆ ಹಾಕಿ ಕಳಿಸಿದವಳು. ಒಂದು ಬೆಳೆ ಮುಗಿದು ಗೂಡು ಕೋಲಾರದ ಮಾರುಕಟ್ಟೆಗೆ ಹೋದ ಮೇಲೆ ಮನೆ ತೊಳೆದು, ಔಷಧಿ ಹೊಡೆದು, ಬಿಸಿಲು ಗಾಳಿಗೆ ಬಿಟ್ಟು, ಕೆಲವು ದಿನ ಖಾಲಿ ಇಡುತ್ತಿದ್ದರು. ಆ ದಿನಗಳಲ್ಲಿ ಮಾತ್ರ ಗೆರೆ ಅಳಿಸುತ್ತಿತ್ತು.

ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ ವೇಣತ್ತೆ ಗಂಡನ ಮನೆಯಿಂದ ಬಂದಳು. ಅಪ್ಪನ ತಂಗಿ, ಹೆಸರು ನಾಗವೇಣಿ. ಕೊಟ್ಟಿದ್ದು ಬೈರಕೂರಿನ ಆಚೆಗೆ, ಮಾವಿನ ತೋಪು ಗುತ್ತಿಗೆ ಹಿಡಿಯುವ ಕಿಟ್ಟಪ್ಪ ಮಾಮನಿಗೆ. ಬಸ್ಸಿನಿಂದ ಇಳಿದವಳ ಕೈಯಲ್ಲಿ ಗಂಟಿರಲಿಲ್ಲ. ಬಲಗೈಯ ಎರಡು ಬೆರಳುಗಳು ಬೇರೆ ದಿಕ್ಕಿಗೆ ನೋಡುತ್ತಿದ್ದವು. ಮಾಂಗಾಯಿ ಬುಟ್ಟಿಯ ಮೇಲೆ ಕೈ ಇಡಿಸಿ ಮೆಟ್ಟಿದ್ದನಂತೆ, ಸಾರಿಗೆ ಉಪ್ಪು ಹೆಚ್ಚಾದದ್ದಕ್ಕೆ. ಅಜ್ಜಿ ಮಗಳನ್ನು ಹಿಡಿದುಕೊಂಡು ನೇರ ಹುಳದ ಮನೆಗೆ ಹೋಗಿ, ಬಿದಿರ ಸೀಳು ಇಟ್ಟು ಬೆರಳು ಎಳೆದು ಕಟ್ಟಿದಳು. ಮೂಳೆ ಸೇರಿದ ಸದ್ದು ಹೊರಗೆ ನಿಂತ ನನಗೆ ಕೇಳಿಸಿತು.

ವಾರದೊಳಗೆ ಮಾಮ ಬಂದ. ಒಳಗೆ ಹುಳ ದೊಡ್ಡವಾಗಿದ್ದವು. ಸುಣ್ಣದ ಗೆರೆಯ ಆಚೆ ನಿಂತು "ಬಾರೇ ಆಚೆಗೆ" ಎಂದು ಶುರುಮಾಡಿ, ಅವಳು ಹುಟ್ಟಿದ ವಂಶವನ್ನೆಲ್ಲ ತೆಲುಗು ಕನ್ನಡ ಎರಡರಲ್ಲೂ ಬೈದ. ಅಜ್ಜಿ ಹೊಸ್ತಿಲಲ್ಲಿ ಕೂತು ಸೊಪ್ಪು ಕೊಚ್ಚುತ್ತಲೇ ಇದ್ದಳು. "ಹುಳ ಐತಪ್ಪಾ ಅಳಿಯ. ಬೈಯೋದಿದ್ರೆ ಮೆತ್ತಗೆ ಬೈ, ಅವು ಬೆದರ್ತವೆ," ಅಂದಳು. ಅವನು ಮಾವಿನ ಸೀಮೆಯವನು, ಹುಳದ ಗುಟ್ಟು ಅವನಿಗೆ ಗೊತ್ತಿರಲಿಲ್ಲ, ಹುಳದ ಭಯ ಮಾತ್ರ ಗೊತ್ತಿತ್ತು. ಉಗಿದು ಹೋದ.

ಬೆಳೆ ಮುಗಿದು ಗೆರೆ ಅಳಿಸಿದ ದಿನವೇ ಮತ್ತೆ ಬಂದ. ಅಜ್ಜಿ ಕೋಲಾರಕ್ಕೆ ಹೋಗಿದ್ದಳು. ಖಾಲಿ ಹುಳದ ಮನೆಯಲ್ಲಿ ತಟ್ಟೆ ಉಜ್ಜುತ್ತಿದ್ದ ವೇಣತ್ತೆಯ ಜಡೆಯನ್ನು ಕೈಗೆ ಸುತ್ತಿಕೊಂಡು ನೆಲದ ಮೇಲೆ ಎಳೆದ. ಹೊಸ್ತಿಲಿಗೆ ಅವಳ ಗಲ್ಲ ಬಡಿದು ಹಲ್ಲು ನಾಲಿಗೆಯೊಳಗೆ ಇಳಿಯಿತು. ಅಪ್ಪ ನಡುವೆ ಹೋಗಲಿಲ್ಲ. ಅವಳ ಸೀರೆಗಳನ್ನು ಟವೆಲಿನಲ್ಲಿ ಗಂಟು ಕಟ್ಟುತ್ತಾ, "ಹೋಗಮ್ಮಾ, ಗಂಡನ ಮನೆ ಅಂದ್ಮೇಲೆ ಇದ್ದಿದ್ದೇ," ಅಂದ. ನಾನು ಮಾಮನ ಮೊಣಕಾಲಿಗೆ ಕಚ್ಚಿದೆ. ಅವನು ಕಾಲು ಝಾಡಿಸಿದಾಗ ಬಾವಿಕಟ್ಟೆಗೆ ಹೋಗಿ ಬಿದ್ದೆ, ಹುಬ್ಬಿನ ಮೇಲೆ ಆ ಗುರುತು ಇವತ್ತಿಗೂ ಇದೆ. ಅಂಗಳ ಅರ್ಧ ದಾಟಿದ್ದರು. ಆಗ ರಸ್ತೆಯ ಕಡೆಯಿಂದ ಅಜ್ಜಿ ಬಂದಳು. ತಲೆಯ ಮೇಲೆ ಒದ್ದೆ ಬಟ್ಟೆ ಮುಚ್ಚಿದ ಬುಟ್ಟಿ. ಮಗಳ ರಕ್ತ ನೋಡಿದಳು, ಗಂಟು ನೋಡಿದಳು, ನೇರ ಹುಳದ ಮನೆಗೆ ನಡೆದು ಬುಟ್ಟಿ ಇಳಿಸಿದಳು. ಹೊರಗೆ ಬಂದು ಸುಣ್ಣದ ಡಬ್ಬಿಯಿಂದ ಗೆರೆ ಎಳೆದಳು. "ಮರಿ ಹುಳ ಬಂತು. ನನ್ನ ಮಗಳಿಲ್ದೆ ಸೊಪ್ಪು ಹಾಕೋರಿಲ್ಲ. ಬಿಡು ಜಡೆ. ಬಿಡಲ್ಲ ಅಂದ್ರೆ ಈ ಬೆಳೆ ನಿನ್ನ ತಲೆ ಮೇಲೆ, ಊರೋರನ್ನ ಕರೀತೀನಿ." ಬೇಲಿಯ ಆಚೆ ಆಗಲೇ ನಾಲ್ಕಾರು ಜನ ನಿಂತಿದ್ದರು. ಮಾಮ ಜಡೆ ಬಿಟ್ಟ. ಬಿಟ್ಟ ಕೈಯಲ್ಲಿ ಕೂದಲ ಗೊಂಚಲು ಉಳಿದಿತ್ತು.

ಮನೆ ಇನ್ನೂ ತೊಳೆದೇ ಇರಲಿಲ್ಲ. ಔಷಧಿ ಹೊಡೆಯದ ಮನೆಗೆ ಅಜ್ಜಿ ಹುಳ ಇಳಿಸಿದ್ದು ಅವಳ ಜೀವಮಾನದಲ್ಲಿ ಅದೇ ಮೊದಲು. ಅಲ್ಲಿಂದ ಮುಂದೆ ಆ ವರ್ಷ ನಮ್ಮ ಹುಳದ ಮನೆ ಒಂದು ದಿನವೂ ಖಾಲಿ ಇರಲಿಲ್ಲ. ಒಂದು ಮೂಲೆಯಲ್ಲಿ ಗೂಡು ಕಟ್ಟುತ್ತಿರುವಾಗಲೇ ಇನ್ನೊಂದು ಮೂಲೆಗೆ ಮರಿ ಬರುತ್ತಿದ್ದವು. ಗೆರೆ ಅಳಿಸಲೇ ಇಲ್ಲ. ಆ ಗೆರೆಯ ಒಳಗೆ ವೇಣತ್ತೆ ಉಂಡಳು, ಮಲಗಿದಳು, ಓದಿದಳು.

ಓದಿದ್ದು ಹೇಗೆ ಅಂದರೆ, ತಟ್ಟೆಗೆ ಹಾಸಲು ರದ್ದಿ ಬೇಕು. ಕೋಲಾರದಲ್ಲಿ ಪುಸ್ತಕ ಬಾಡಿಗೆಗೆ ಕೊಡುತ್ತಿದ್ದ ಅಂಗಡಿಯೊಂದು ಆ ವರ್ಷ ಬಾಗಿಲು ಹಾಕಿತು, ಅದರ ಮಾಲನ್ನೆಲ್ಲ ಗುಜರಿಯವನು ಎತ್ತಿಕೊಂಡ, ಗುಜರಿಯವನಿಂದ ಅಪ್ಪ ಗೋಣಿಚೀಲಗಳಲ್ಲಿ ಹೊತ್ತು ತಂದ. ನ್ಯೂಸ್ ಪೇಪರಿಗಿಂತ ಅಗ್ಗ ಅಂತ ಅವನಿಗೆ ಖುಷಿ. ಚೀಲ ಬಿಚ್ಚಿದರೆ ದೆವ್ವದ ಕಾದಂಬರಿಗಳು, ಬೇರೆ ಗ್ರಹಗಳ ಕಾದಂಬರಿಗಳು, ಮಾಂತ್ರಿಕರ, ಪಾತಾಳದ ರಾಜರ ಕಾಮಿಕ್ಸ್. ಕನ್ನಡದ್ದು ಹೆಚ್ಚು, ತೆಲುಗಿನದ್ದು ಕೆಲವು. ಎಷ್ಟೋ ಕೈ ದಾಟಿ ಬಂದು ಬೆನ್ನು ಮುರಿದಿದ್ದವು. ಹೊಲಿಗೆ ಬಿಚ್ಚಿ, ಹಾಳೆ ಬಿಡಿಸಿ, ಬಿಸಿಲಿಗೆ ಒಣಗಿಸಿ ಹಾಸಬೇಕು. ಬಿಚ್ಚುವ ಕೆಲಸ ವೇಣತ್ತೆಯದ್ದು. ಅವಳು ಎಸ್ಸೆಸ್ಸೆಲ್ಸಿವರೆಗೆ ಓದಿದವಳು. ಮೊದಲ ಪುಸ್ತಕ ಬಿಚ್ಚಲು ಕೈಗೆತ್ತಿಕೊಂಡವಳು ಬಿಚ್ಚಲಿಲ್ಲ.

ಹುಳ ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ನಾವು ಜ್ವರ ಅನ್ನುತ್ತೇವೆ. ಜ್ವರಕ್ಕೆ ಕೂತ ಹುಳ ತಲೆಯೆತ್ತಿ ಕಲ್ಲಾಗುತ್ತದೆ, ತಿನ್ನುವುದಿಲ್ಲ, ಅಲ್ಲಾಡುವುದಿಲ್ಲ. ಆ ಒಂದು ದಿನ ಸೊಪ್ಪು ಕೊಯ್ಯುವಂತಿಲ್ಲ, ಹಾಕುವಂತಿಲ್ಲ. ಸಾಕುವವರಿಗೆ ಅದೇ ಭಾನುವಾರ. ನಮ್ಮ ಓದು ನಡೆದದ್ದು ಜ್ವರದ ಮಧ್ಯಾಹ್ನಗಳಲ್ಲಿ. ತಟ್ಟೆಗಳ ಸಂದಿಯಲ್ಲಿ ಗೋಣಿ ಹಾಸಿ ಅವಳು ಕೂರುತ್ತಿದ್ದಳು. ಹೆಂಚಿನ ಮಧ್ಯೆ ಕೂರಿಸಿದ ಗಾಜಿನಿಂದ ಬೀಳುವ ಬಿಸಿಲಿನ ಚೌಕದಲ್ಲಿ ಪುಸ್ತಕ, ಸೊಟ್ಟ ಬೆರಳುಗಳಲ್ಲಿ ಹಾಳೆ. ಅಜ್ಜಿ ಗೋಡೆಗೆ ಒರಗಿ ಎಲೆಯಡಿಕೆ ಜಗಿಯುತ್ತಿದ್ದಳು. ನಾನು ಸ್ಕೂಲಿಗೆ ಚಕ್ಕರ್ ಹಾಕಿ ಅತ್ತೆಯ ತೊಡೆಯ ಪಕ್ಕ ಬಿದ್ದಿರುತ್ತಿದ್ದೆ. ಸುತ್ತ ಸಾವಿರಾರು ಹುಳಗಳು ತಲೆಯೆತ್ತಿ ಮೌನವಾಗಿ ಕೇಳಿಸಿಕೊಳ್ಳುತ್ತಿದ್ದವು. ಕಥೆ ಕೇಳಲು ಅದಕ್ಕಿಂತ ಒಳ್ಳೆಯ ಜಾಗವನ್ನು ನಾನು ಕಂಡಿಲ್ಲ.

ಆ ಕಥೆಗಳಲ್ಲಿ ಕೊಲೆಯಿಲ್ಲದ ಪುಟ ಇರಲಿಲ್ಲ. ಪಾಳುಬಂಗಲೆಯ ಒಬ್ಬ ಹೆಂಗಸು ಗಂಡಸರ ಗಂಟಲಿಗೆ ಕೈ ಹಾಕಿ ಧ್ವನಿ ಕಿತ್ತು ಮಡಕೆಗಳಲ್ಲಿ ತುಂಬಿಡುತ್ತಿದ್ದಳು. ಮಡಕೆ ಒಡೆದರೆ ಸತ್ತವರೆಲ್ಲ ಒಟ್ಟಿಗೆ ಅರಚುತ್ತಿದ್ದರು. ಪಾತಾಳದ ರಾಜನೊಬ್ಬನನ್ನು ತಮ್ಮಂದಿರು ತುಂಡು ಮಾಡಿ ಹೂತರೆ ತುಂಡುಗಳು ನೆಲದೊಳಗೆ ಒಂದನ್ನೊಂದು ಹುಡುಕಿಕೊಂಡು ತೆವಳುತ್ತಿದ್ದವು. ಕಾಮಿಕ್ಸಿನಲ್ಲಿ ಅಚ್ಚು ತಪ್ಪಿ ಕೆಂಪು ಬಣ್ಣ ಗೆರೆಯಿಂದ ಆಚೆ ಸರಿದಿರುತ್ತಿತ್ತು. ಕತ್ತಿ ತಗಲಿದ್ದು ಒಬ್ಬನಿಗೆ, ರಕ್ತ ಹಾರಿದ್ದು ಪಕ್ಕದಲ್ಲಿ ಸುಮ್ಮನೆ ನಿಂತವನ ಮೈಯಿಂದ. ಅದು ತಪ್ಪು ಅಂತ ನನಗೆ ಅನ್ನಿಸಲೇ ಇಲ್ಲ. ನಮ್ಮ ಮನೆಯಲ್ಲೂ ಹಾಗೇ ಆಗುತ್ತಿತ್ತು. ಒಮ್ಮೆ ಒಂದು ಕಾದಂಬರಿಯಲ್ಲಿ, ಯಾವುದೋ ನಕ್ಷತ್ರದ ನೊಣ ಮನುಷ್ಯರ ಬೆನ್ನಿನ ಮೇಲೆ ಮೊಟ್ಟೆಯಿಟ್ಟು ಮರಿ ಒಳಗಿನಿಂದ ತಿನ್ನುತ್ತಾ ಬರುವ ಪುಟಕ್ಕೆ ನಾನು ಕಣ್ಣು ಮುಚ್ಚಿಕೊಂಡೆ. ಅಜ್ಜಿ ಉಗಿದು ಬಂದು, "ಇದರಾಗೇನೈತೆ ಹೊಸದು? ಊಜಿ ನೊಣ ನಮ್ಮ ಹುಳಕ್ಕೆ ದಿನಾ ಮಾಡೋದು ಅದೇ. ಬರೆದೋನು ನಮ್ಮೂರಿಗೆ ಬಂದಿರ್ಬೇಕು," ಅಂದಳು.

ಇನ್ನೊಂದು ಕಥೆಯನ್ನು ನಾನು ಮರೆತಿಲ್ಲ. ಅದರಲ್ಲಿ ದೂರದ ಗ್ರಹವೊಂದರಲ್ಲಿ ಆನೆ ಗಾತ್ರದ ಹುಳಗಳು ಮನುಷ್ಯರನ್ನು ತಟ್ಟೆಗಳಲ್ಲಿ ಸಾಕುತ್ತಿದ್ದವು. ಹೊತ್ತು ಹೊತ್ತಿಗೆ ಅನ್ನ, ಬೆಚ್ಚನೆ ಹಾಸಿಗೆ. ಬೆಳೆದ ಮೇಲೆ ಕುದಿಯುವ ನೀರಿಗೆ ಹಾಕಿ, ಬೆಂದ ಮೈಯಿಂದ ನರ ಹುಡುಕಿ, ನೂಲು ಸುತ್ತಿದಂತೆ ಸುತ್ತಿಕೊಳ್ಳುತ್ತಿದ್ದವು. ವೇಣತ್ತೆ ನಿಧಾನವಾಗಿ, ಒಂದು ಮಾತೂ ಬಿಡದೆ ಓದಿದಳು. ಮುಗಿದ ಮೇಲೆ ಅಜ್ಜಿ ತಟ್ಟೆಗಳ ಕಡೆ ನೋಡುತ್ತಾ, "ಅದು ಸುಳ್ಳಲ್ಲ ಕಣೇ. ಸಾಕಿದೋರ ಕೈಲೇ ಕುದಿಯೋ ನೀರು ಇರ್ತದೆ. ಮದುವೆ ಮಾಡಿದ ದಿನ ನಿನಗೆ ಹೊಸ ಸೀರೆ ಉಡಿಸಿ ನಾನೇ ಅಲ್ವಾ ಕಳಿಸಿದ್ದು?" ಅಂದಳು. ವೇಣತ್ತೆ ಪುಸ್ತಕ ಮಡಚಿ, "ಬಿಡಮ್ಮಾ, ಕಥೆ," ಅಂದಳು.

ಅಪ್ಪನಿಗೆ ಈ ಓದು ಆಗುತ್ತಿರಲಿಲ್ಲ. ಒಮ್ಮೆ ಸೊಪ್ಪಿನ ತೋಟದಲ್ಲಿ ಕಾಮಿಕ್ಸ್ ಹಿಡಿದು ಕೂತ ನನ್ನನ್ನು ಹಿಡಿದು, ಕಡ್ಡಿ ಮುರಿಯುವವರೆಗೂ ಹೊಡೆದ. ಮುರಿಯದ ಕಡ್ಡಿ ಅವತ್ತು ಮುರಿಯಿತು. ನಾನು ಓಡಿಬಂದು ಗೆರೆಯೊಳಗೆ ಬಿದ್ದೆ. ಗೆರೆಯೊಳಗೆ ಅಪ್ಪ ಕೈ ಎತ್ತುತ್ತಿರಲಿಲ್ಲ, ಹುಳ ಬೆದರುತ್ತವೆ ಅಂತ. ಅರಿಸಿನ ಹಚ್ಚುತ್ತಾ ವೇಣತ್ತೆ ನನ್ನ ಕಿವಿಯಲ್ಲಿ ಆ ಕಾಮಿಕ್ಸಿನ ಕಥೆ ಮುಂದುವರಿಸಿದಳು. ಬಾಡಿಗೆ ಪುಸ್ತಕಗಳಿಗೆ ಕೊನೆಯ ಹಾಳೆಗಳೇ ಇರುತ್ತಿರಲಿಲ್ಲ, ಬಾಡಿಗೆ ತಂದವರು ಯಾರೋ ಹರಿದುಕೊಂಡಿರುತ್ತಿದ್ದರು. ಹಾಗಾಗಿ ಕೊನೆಯೆಲ್ಲ ವೇಣತ್ತೆಯದ್ದೇ. ಅವಳ ಕೊನೆಗಳಲ್ಲಿ ಯಾರೂ ಮದುವೆಯಾಗುತ್ತಿರಲಿಲ್ಲ, ಯಾರೂ ಬಂದು ಯಾರನ್ನೂ ಕಾಪಾಡುತ್ತಿರಲಿಲ್ಲ. ದೆವ್ವವಾದ ಹೆಂಗಸು ಅಟ್ಟಿಸಿಕೊಂಡು ಹೋಗುತ್ತಿದ್ದಳು, ಹಿಡಿಯುತ್ತಿದ್ದಳು, ತಿನ್ನುತ್ತಿದ್ದಳು. "ಮೂಳೆನೂ ಬಿಡ್ಲಿಲ್ಲ ಕಣೋ ಸೀನ," ಎಂದು ಮುಗಿಸುವಾಗ ಅವಳ ಮುಖದಲ್ಲಿ ಬರುತ್ತಿದ್ದ ನೆಮ್ಮದಿ ಬೇರೆ ಯಾವಾಗಲೂ ಬರುತ್ತಿರಲಿಲ್ಲ. ಓದಿ ಮುಗಿದ ಪುಸ್ತಕ ಬಿಚ್ಚಿ ತಟ್ಟೆಗೆ ಹಾಸಿದ ಮೇಲೆ ಹುಳಗಳು ರಾಜರ ತಲೆಯ ಮೇಲೆ, ದೆವ್ವಗಳ ಕೂದಲಿನ ಮೇಲೆ ಹರಿದಾಡುತ್ತಿದ್ದವು.

ಹೀಗೆ ಮಾವಿನ ಹೂವು ಬಂದು ಕಾಯಾಗುವವರೆಗೆ ನಡೆಯಿತು. ಮಾಮ ಆಗಾಗ ಬಂದು ಗೆರೆಯ ಆಚೆ ನಿಂತು ಹೋಗುತ್ತಿದ್ದ. ಬಂದಾಗಲೆಲ್ಲ ಒಂದೇ ಪ್ರಶ್ನೆ: "ಯಾವಾಗ ಖಾಲಿ ಆಗುತ್ತೆ?" ಅಜ್ಜಿಯದು ಒಂದೇ ಉತ್ತರ: "ಆದಾಗ."

ತೊಳೆಯದ ಮನೆ, ಬಿಸಿಲು ಕಾಣದ ನೆಲ ಎಷ್ಟು ದಿನ ಸುಮ್ಮನಿದ್ದೀತು? ಬೇಸಿಗೆಯ ಬೆಳೆಯಲ್ಲಿ, ಕೊನೆಯ ಜ್ವರ ಎದ್ದ ಹುಳಗಳು ಸೊಪ್ಪು ಬಿಟ್ಟು ತಟ್ಟೆಯ ಅಂಚಿನ ಸುತ್ತ ತಿರುಗತೊಡಗಿದವು. ಮೈ ಊದಿ, ಎಣ್ಣೆ ಹಚ್ಚಿದಂತೆ ಹೊಳೆಯಿತು. ಮುಟ್ಟಿದರೆ ಚರ್ಮ ಒಡೆದು ಹಾಲಿನಂಥ ಕೀವು ಬೆರಳಿಗೆ ಮೆತ್ತಿತು. ಹಾಲುತೊಂಡೆ ರೋಗ. ಎರಡೇ ದಿನದಲ್ಲಿ ಹುಳಗಳು ಹಿಂಗಾಲಿನಲ್ಲಿ ತಟ್ಟೆಗೆ ಅಂಟಿಕೊಂಡು ತಲೆಕೆಳಗಾಗಿ ನೇತಾಡಿ, ಒಡೆದು, ಕೆಳಗಿನ ತಟ್ಟೆಯವುಗಳ ಮೇಲೆ ಸುರಿದವು. ಆ ನಾತ ಊರ ಬಾವಿಯವರೆಗೆ ಹೋಯಿತು. ಅಜ್ಜಿ ಒಂದು ತಟ್ಟೆಯನ್ನೂ ಬಿಡದೆ ನೋಡಿ ಬಂದು ವೇಣತ್ತೆಯ ಪಕ್ಕ ಕೂತಳು. "ಗೊತ್ತಿದ್ದೂ ಮಾಡಿದ್ದು," ಅಂದಳು, ಅಷ್ಟೇ. ಅಪ್ಪ ಮಾತ್ರ ಗೋಡೆಗೆ ತಲೆ ಚಚ್ಚಿಕೊಂಡು ಅರಚಿದ. "ಆ ದೆವ್ವದ ಪುಸ್ತಕ ಹುಳದ ಕೆಳಗೆ ಹಾಸಿದ್ರೆ ಇನ್ನೇನಾಗ್ತದೆ! ಈ ಮನೆಹಾಳಿ ಬಾಯಿಬಿಟ್ಟು ಓದಿ ಓದಿ ಕರೆದ್ಲು!" ಹುಳ, ಹಿಕ್ಕೆ, ಹಾಸಿದ ಹಾಳೆ ಎಲ್ಲವನ್ನೂ ಗುಂಡಿಗೆ ಸುರಿದು ಸೀಮೆಎಣ್ಣೆ ಹಾಕಿದ. ಬೆಂಕಿಯಲ್ಲಿ ಹುಳಗಳು ಚಟಪಟ ಸಿಡಿದವು. ಕಾಮಿಕ್ಸಿನ ಹಾಳೆಗಳು ಮುದುರಿಕೊಳ್ಳುವಾಗ ಅದರೊಳಗಿನ ಕತ್ತಿ ಹಿಡಿದ ಕೈಗಳು ಒಂದು ಕ್ಷಣ ಎದ್ದು ನಿಂತವು. ಬಿಚ್ಚದ ಪುಸ್ತಕಗಳ ಒಂದು ಚೀಲ ಮಾತ್ರ ಒಳಗೆ ಮೂಲೆಯಲ್ಲಿ ಉಳಿದಿತ್ತು.

ಮಾರನೇ ದಿನ ಬೆಳಿಗ್ಗೆ ಹೊಸ್ತಿಲಲ್ಲಿ ಬಿಳಿ ಗೆರೆ ಕಂಡೆ. ಖಾಲಿ ಮನೆಯ ಮುಂದೆ ಅಜ್ಜಿ ಸುಣ್ಣ ಎಳೆದಿದ್ದಳು. ಸೊಪ್ಪಿನ ಹೊರೆಯನ್ನೂ ಎಂದಿನಂತೆ ಬಾಗಿಲ ಪಕ್ಕ ಇಳಿಸಿ ನೀರು ಚಿಮುಕಿಸಿದ್ದಳು. ನಾನು ಬಾಯಿ ತೆರೆಯುವ ಮೊದಲೇ, "ಒಳಕ್ಕೆ ಹೋಗಿ ಅತ್ತೆ ಹತ್ರ ಕೂತ್ಕೋ. ಕೆಮ್ಮಬ್ಯಾಡ," ಅಂದಳು. ಊಟದ ಹೊತ್ತಿಗೆ ಮಾಮ ಬಂದ. ಏನೋ ಗಾಳಿಸುದ್ದಿ ಕೇಳಿದ್ದ. "ಹುಳ ಹೋದ್ವಂತೆ?" ಅಂದ. "ಒಂದು ಕಡೆ ಹೋದ್ವು, ಇನ್ನೊಂದು ಕಡೆ ಅವೆ. ದೊಡ್ಡ ಹುಳ, ಕಿವಿಗೊಟ್ಟು ಕೇಳು," ಅಂದಳು ಅಜ್ಜಿ. ಒಳಗೆ ವೇಣತ್ತೆಯ ಮುಖ ಸುಣ್ಣದ ಹಾಗಾಯಿತು. ದೊಡ್ಡ ಹುಳ ಸೊಪ್ಪು ತಿನ್ನುವಾಗ ಒಂದು ಸದ್ದು ಬರುತ್ತದೆ, ನೀವು ಕೇಳಿರಬಹುದು, ತರಗೆಲೆಯ ಮೇಲೆ ಯಾರೋ ಬೆರಳಾಡಿಸಿದ ಹಾಗೆ. ಅವಳು ಮೆಲ್ಲಗೆ ಚೀಲದೊಳಗೆ ಕೈಯಿಟ್ಟು ಎರಡು ಪುಸ್ತಕ ತೆಗೆದು, ಒಂದನ್ನು ನನ್ನ ಕೈಗೆ ಕೊಟ್ಟಳು. ಹಾಳೆಗಳ ಮೂಲೆಯನ್ನು ಹೆಬ್ಬೆರಳಿನಿಂದ ಉಜ್ಜತೊಡಗಿದಳು. ನಾನೂ ಉಜ್ಜಿದೆ. ಅವಳ ಕೆಳತುಟಿ ಹಲ್ಲಿಗೆ ಸಿಕ್ಕಿ ರಕ್ತ ಬಂದಿತ್ತು. ಹೊರಗೆ ಮಾಮನ ಉಸಿರು ಕೇಳಿಸುತ್ತಿತ್ತು. ಬಹಳ ಹೊತ್ತು ನಿಂತಿದ್ದ. ಆಮೇಲೆ ಅವನ ಮೆಟ್ಟಿನ ಸದ್ದು ದೂರವಾಯಿತು. ವೇಣತ್ತೆ ಆಮೇಲೂ ನಿಲ್ಲಿಸಲಿಲ್ಲ. ನಾನೇ ಅವಳ ಕೈ ಹಿಡಿದೆ.

ಆ ಸದ್ದು ಕೆಲವೇ ದಿನ ಅವಳನ್ನು ಕಾಪಾಡಿತು. ಸುಗಟೂರಿನ ಸಾರಾಯಿ ಅಂಗಡಿಯಲ್ಲಿ ಮಾಮ ಅಪ್ಪನಿಗೆ ಕುಡಿಸಿದ. ಕುಡಿದ ಅಪ್ಪ ತನ್ನ ಬೆಳೆ ಸತ್ತದ್ದಕ್ಕೆ ಗೊಳೋ ಎಂದು ಅತ್ತ, ಒಂದು ಹುಳವೂ ಉಳಿಯಲಿಲ್ಲ ಬಾವಾ, ನೀನು ಕೇಳಿದ್ದು ಪುಸ್ತಕದ ಹಾಳೆ ಸದ್ದು ಅಂದ.

ಮರುದಿನ ಬಿಸಿಲು ಏರುವ ಹೊತ್ತಿಗೆ ಮಾಮ ಬಂದ. ಈ ಸಲ ಗೆರೆಯ ಹತ್ತಿರ ನಿಲ್ಲಲಿಲ್ಲ. ಮೆಟ್ಟು ಹಾಕಿಕೊಂಡೇ ಸುಣ್ಣ ತುಳಿದು ಬಂದ. ಸಗಣಿ ನೆಲದ ಮೇಲೆ ಬಿಳಿ ಹೆಜ್ಜೆಗಳು ಒಂದೊಂದಾಗಿ ಮೂಡುತ್ತಾ ನಮ್ಮ ಕಡೆ ಬಂದವು. ಓದಿದ ಎಲ್ಲ ದೆವ್ವಗಳಿಗಿಂತ ನನಗೆ ಇವತ್ತಿಗೂ ಭಯ ಹುಟ್ಟಿಸುವುದು ಆ ಹೆಜ್ಜೆಗಳೇ. ಅಜ್ಜಿ ಅವನ ಕಾಲಿಗೆ ತೆಕ್ಕೆಬಿದ್ದಳು. "ಪೋರಾ ಬಯಟಿಕಿ!" ಅಂದಳು, ಸಿಟ್ಟು ಬಂದರೆ ಅವಳ ಬಾಯಿಗೆ ತೆಲುಗೇ ಬರುತ್ತಿತ್ತು, ಹೊರಗೆ ಹೋಗೋ ಅಂತ. ಅವನು ಒದ್ದ. ಅವಳ ಸೊಂಟ ಒರಳಿಗೆ ಬಡಿದು ಹಸಿ ಕಟ್ಟಿಗೆ ಮುರಿದಂತೆ ಸದ್ದಾಯಿತು. "ಹುಳ ಸಾಕ್ತೀರಾ ಹುಳ? ಪುಸ್ತಕ ಅಲ್ಲಾಡಿಸಿ ನನ್ನ ಕೋತಿ ಮಾಡ್ತೀರಾ?" ಎನ್ನುತ್ತಾ ವೇಣತ್ತೆಯ ಜಡೆಗೆ ಕೈ ಹಾಕಿ, ಸ್ಟ್ಯಾಂಡಿನ ಬಿದಿರು ಗಳ ಕಿತ್ತು ಅವಳ ಕಿವಿಯ ಮೇಲೆ ಬಾರಿಸಿದ. ಇಡೀ ಸ್ಟ್ಯಾಂಡು ತಟ್ಟೆಗಳ ಸಮೇತ ಅವರಿಬ್ಬರ ಮೇಲೆ ಕುಸಿಯಿತು. ಅವಳ ಕಿವಿಯಿಂದ ರಕ್ತ ಕುತ್ತಿಗೆಗೆ ಇಳಿಯಿತು. ಎರಡನೇ ಸಲ ಗಳ ಎತ್ತಿದ. ವೇಣತ್ತೆ ಮೊಣಕಾಲಿನ ಮೇಲಿದ್ದಳು. ಸೊಪ್ಪು ಕೊಚ್ಚುವ ಹಲಗೆಯ ಮೇಲೆ ಕತ್ತಿ ಇತ್ತು, ದಿನಕ್ಕೆರಡು ಸಲ ಅಜ್ಜಿ ಮಸೆಯುತ್ತಿದ್ದ ಕತ್ತಿ. ವೇಣತ್ತೆ ಅದನ್ನು ಕೈಗೆತ್ತಿಕೊಂಡಳು. ಅವನ ಮುಖಕ್ಕೆ ಬೀಸಲಿಲ್ಲ, ಹೊಟ್ಟೆಗೆ ಬೀಸಲಿಲ್ಲ. ತನ್ನ ಜಡೆಯನ್ನು ಹಿಡಿದುಕೊಂಡಿದ್ದ ಅವನ ಕೈಯನ್ನು ಹಲಗೆಯ ಕಡೆಗೆ ತಲೆ ಸಮೇತ ಎಳೆದುಕೊಂಡು, ಸೊಪ್ಪು ಕೊಚ್ಚಿದ ಹಾಗೆ ಕೊಚ್ಚಿದಳು.

ಎರಡು ಬೆರಳು ಹಲಗೆಯ ಮೇಲೆ ಉಳಿದವು. ಅರ್ಧ ಜಡೆಯೂ ಉಳಿಯಿತು. ಮಾಮ ತನ್ನ ಕೈಯನ್ನು ಯಾರದೋ ಕೈ ಎಂಬಂತೆ ನೋಡಿದ, ಆಮೇಲೆ ಅರಚಿದ. ಆ ಧ್ವನಿ ಎಷ್ಟು ಮಡಕೆಗಳಲ್ಲಿ ತುಂಬಿಟ್ಟರೂ ಮುಗಿಯುತ್ತಿರಲಿಲ್ಲ. ಟವೆಲು ಸುತ್ತಿಕೊಂಡು ಓಡಿದವನ ಹಿಂದೆ ಅಂಗಳದುದ್ದಕ್ಕೂ ಕೆಂಪು ಚುಕ್ಕೆಗಳು, ಅದರ ಪಕ್ಕದಲ್ಲೇ ಬಿಳಿ ಹೆಜ್ಜೆಗಳು. ಬಿದ್ದಲ್ಲಿಂದಲೇ ಅಜ್ಜಿ, "ಲೇ ಸೀನ, ಆ ಬೆರಳುಗಳನ್ನ ಗುಂಡಿಗೆ ಹಾಕಿ ಸುಣ್ಣ ಮುಚ್ಚು. ನಾಯಿ ಎಳೀತವೆ," ಅಂದಳು. ಹಾಕಿ ಬಂದೆ. ವೇಣತ್ತೆ ಕತ್ತಿ ತೊಳೆದು ಹಲಗೆಯ ಮೇಲೆ ಮೊದಲಿದ್ದ ಹಾಗೇ ಇಟ್ಟಳು.

ಹಾಲಿನ ಡೈರಿಯ ಜಗಲಿಯ ಮೇಲೆ ಊರಿನ ಯಜಮಾನರು ಸೇರಿದರು. ಮಾಮನ ಕಡೆಯವರು ಟೆಂಪೋ ತುಂಬ ಬಂದಿದ್ದರು. ಸ್ಟೇಷನ್ನಿಗೆ ಹೋದರೆ ವೇಣತ್ತೆ ಒಳಗೆ ಹೋಗುತ್ತಾಳೆ, ಇಲ್ಲವಾದರೆ ಅವತ್ತೇ ಗಂಡನ ಜೊತೆ ಟೆಂಪೋ ಹತ್ತಬೇಕು. ಅವರು ಇಟ್ಟದ್ದು ಈ ಎರಡೇ ದಾರಿ. ಗೋಣಿಯ ಮೇಲೆ ಮಲಗಿಸಿದ್ದ ಅಜ್ಜಿಯನ್ನು ನಾಲ್ಕು ಜನ ಹೊತ್ತು ತಂದಿದ್ದರು. ವೇಣತ್ತೆ ಕಿವಿಗೆ ಬಟ್ಟೆ ಒತ್ತಿಕೊಂಡು ಕಂಬಕ್ಕೆ ಒರಗಿದ್ದಳು. ಹಿರಿಯರೊಬ್ಬರು ಕೇಳಿದ್ದು ಒಂದೇ ಮಾತು: "ಅವನು ಮೆಟ್ಟು ಹಾಕ್ಕೊಂಡು ಒಳಕ್ಕೆ ಹೋದಾಗ ಒಳಗೆ ಹುಳ ಇತ್ತಾ?"

ಇರಲಿಲ್ಲ ಎಂದು ಅಲ್ಲಿದ್ದ ನಮ್ಮೂರಿನವರಿಗೆಲ್ಲ ಗೊತ್ತಿತ್ತು. ಆ ನಾತವನ್ನು ಅವರೆಲ್ಲ ಮೂಗು ಮುಚ್ಚಿಕೊಂಡು ಸಹಿಸಿದ್ದರು. "ಇತ್ತು," ಅಂದಳು ಅಜ್ಜಿ. "ಸುಳ್ಳು! ಇವನೇ ಹೇಳಿದ್ದು, ಎಲ್ಲ ಸತ್ವು ಅಂತ!" ಎಂದು ಮಾಮ ಅಪ್ಪನ ಕಡೆ ಕಟ್ಟು ಕಟ್ಟಿದ ಕೈ ತೋರಿಸಿದ. ಎಲ್ಲರೂ ಅಪ್ಪನ ಕಡೆ ತಿರುಗಿದರು. ಅಪ್ಪ ತಾಯಿಯ ಸೊಂಟ ನೋಡಿದ, ತಂಗಿಯ ಕಿವಿ ನೋಡಿದ. ಯಾರನ್ನೋ ಹೊಡೆಯುವ ಮೊದಲು ಮಾಡುವ ಹಾಗೆಯೇ ಟವೆಲನ್ನು ಹೆಗಲಿನಿಂದ ತೆಗೆದು ಕೈಗೆ ಸುತ್ತಿಕೊಂಡ. ನಾನು ತಲೆ ತಗ್ಗಿಸಿ ಏಟಿಗೆ ಕಾದೆ.

"ಇತ್ತು," ಅಂದ ಅಪ್ಪ. "ದೊಡ್ಡ ಹುಳ. ಇವನು ತುಳಿದ ಮೇಲೆ ಸತ್ವು."

ಜಗಲಿಯ ಕೆಳಗೆ ನಿಂತಿದ್ದ ಹೆಂಗಸರಲ್ಲಿ ಒಬ್ಬಳು, "ನಾನೂ ಕೇಳಿದೀನಿ ಕಣ್ರಪ್ಪಾ, ತಿನ್ನೋ ಸದ್ದು," ಅಂದಳು. ಇನ್ನೊಬ್ಬಳು ಹೌದು ಅಂದಳು. ಹಿರಿಯರು ಮಾಮನ ಕಡೆಯವರಿಗೆ, ಹುಳದ ಮನೆಗೆ ಮೆಟ್ಟು ಹಾಕಿಕೊಂಡು ನುಗ್ಗಿದವನ ನ್ಯಾಯ ಈ ಊರಿನಲ್ಲಿ ಆಗುವುದಿಲ್ಲ, ಕತ್ತಲಾಗುವುದರೊಳಗೆ ಹೊರಡಿ ಅಂದರು. ಟೆಂಪೋ ಹೊರಟಿತು. ವ್ಯಾಜ್ಯ ಅಲ್ಲಿಗೇ ಮುಗಿಯಿತು. ಮಾಮ ಮತ್ತೆ ಬರಲಿಲ್ಲ.

ಅಜ್ಜಿ ಮತ್ತೆ ಏಳಲಿಲ್ಲ. ಮುಂದಿನ ಸುಗ್ಗಿಯೊಳಗೆ ಹೋದಳು, ಹುಳದ ಮನೆಯ ಬಾಗಿಲಿನ ಕಡೆ ಮುಖ ಮಾಡಿಕೊಂಡು. ಸೊಪ್ಪು ಕೊಯ್ಯಲು ಆಳು ಬೇಕಿತ್ತು, ನಾನು ಸ್ಕೂಲು ಬಿಟ್ಟೆ. ಅದರ ಬಗ್ಗೆ ಯಾರೂ ಅಯ್ಯೋ ಅನ್ನಬೇಕಿಲ್ಲ. ಕೋಲಾರದ ವೆಲ್ಡಿಂಗ್ ಅಂಗಡಿ ಸೇರಿ ಕೆಲಸ ಕಲಿತೆ, ನನ್ನದೇ ಅಂಗಡಿ ಇಟ್ಟೆ, ಯಾರ ಮುಂದೆಯೂ ಕೈ ಚಾಚಿಲ್ಲ. ಅಪ್ಪ ಆ ದಿನದ ಮೇಲೆ ನನ್ನ ಮೇಲೆ ಕೈ ಎತ್ತಲಿಲ್ಲ, ಕುಡಿತವನ್ನೂ ಬಿಡಲಿಲ್ಲ. ವೇಣತ್ತೆ ಆ ಮನೆಯಲ್ಲೇ ಉಳಿದು, ತೊಳೆದು, ಒಣಗಿಸಿ, ಕ್ರಮ ತಪ್ಪದೆ ಹುಳ ಸಾಕಿದಳು. ಆದರೆ ಓದಲಿಲ್ಲ. ಏಟು ಬಿದ್ದ ಕಿವಿ ಪೂರ್ತಿ ಹೋಗಿತ್ತು. ಜೋರಾಗಿ ಓದಿದರೆ ತನ್ನ ಧ್ವನಿ ಯಾರೋ ಬೇರೆಯವರು ಬಾವಿಯೊಳಗಿಂದ ಕರೆದ ಹಾಗೆ ಕೇಳಿಸುತ್ತದೆ ಅನ್ನುತ್ತಿದ್ದಳು. ಉಳಿದ ಪುಸ್ತಕಗಳು ಒಂದೊಂದಾಗಿ ತಟ್ಟೆಯ ಕೆಳಗೆ ಹೋದವು, ಓದದೆಯೇ. ನಾನು ಆಮೇಲೆ ಕಥೆ ಪುಸ್ತಕ ಹಿಡಿದವನಲ್ಲ. ಬಸ್ ಸ್ಟ್ಯಾಂಡಿನ ಅಂಗಡಿಗಳಲ್ಲಿ ತಲೆಬುರುಡೆಯ ಮುಖಪುಟ ಕಂಡರೆ ಒಂದು ಗಳಿಗೆ ನಿಲ್ಲುತ್ತೇನೆ, ಕೊನೆಯ ಹಾಳೆ ಇದೆಯೇ ಎಂದು ತಿರುಗಿಸಿ ನೋಡುತ್ತೇನೆ. ಇರುತ್ತದೆ. ಅಲ್ಲೇ ಇಟ್ಟು ಬರುತ್ತೇನೆ.

ಹೋದ ವರ್ಷ ವೇಣತ್ತೆ ನನ್ನ ಮನೆಯಲ್ಲಿ ಹಾಸಿಗೆ ಹಿಡಿದಿದ್ದಳು. ಕಣ್ಣು ತೆರೆಯುವುದನ್ನು ಬಿಟ್ಟಿದ್ದಳು, ಮಾತು ಬಿಟ್ಟಿದ್ದಳು. ಒಂದು ಮಧ್ಯಾಹ್ನ ನಾನು ಅವಳ ಒಳ್ಳೆಯ ಕಿವಿಯ ಪಕ್ಕ ಕೂತು ಪೇಪರ್ ತಿರುವುತ್ತಿದ್ದೆ. ಏನೋ ಯೋಚಿಸುತ್ತಾ ಹಾಳೆಯ ಮೂಲೆಯನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದೆನೆಂದು ಕಾಣುತ್ತದೆ. ಹೊದಿಕೆಯ ಮೇಲಿದ್ದ ಅವಳ ಸೊಟ್ಟ ಬೆರಳುಗಳು ಅಲ್ಲಾಡಿದವು.

"ಸೊಪ್ಪು ಹಾಕ್ದಾ ಸೀನ?" ಅಂದಳು.

"ಹಾಕ್ದೆ ಕಣತ್ತೆ."

"ಗೆರೆ?"

"ಎಳೆದಿದೀನಿ."

ಅವಳು ಸ್ವಲ್ಪ ಹೊತ್ತು ಆ ಸದ್ದನ್ನೇ ಕೇಳಿಸಿಕೊಂಡಳು. ಮುಖದಲ್ಲಿ ಆ ಹಳೇ ನೆಮ್ಮದಿ ಬಂತು. ನಾನು ಪೇಪರ್ ಕೆಳಗಿಡಲಿಲ್ಲ. ಹೊತ್ತು ಇಳಿದು, ಅವಳ ಉಸಿರು ನಿಂತು, ಒಳಗಿನಿಂದ ನನ್ನ ಹೆಂಡತಿ ಬಂದು ಭುಜ ಮುಟ್ಟುವವರೆಗೂ ಉಜ್ಜುತ್ತಲೇ ಇದ್ದೆ.